ಕನ್ನಡಿ ತಿರುವಿನಲ್ಲಿ ನಿಂತ ಖಾಲಿ ಲಾರಿ

ಘಾಟಿಯ ನೆತ್ತಿಯ ಚಹಾ ಅಂಗಡಿ,
ಜನವರಿ ೧೯, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಎಲ್ಲಿದ್ದೀಯ ಎಂದು ಮೊದಲು ಕೇಳಬೇಕಿತ್ತು. ಆದರೆ ಕಾಗದ ಎಂದರೆ ಆರೋಗ್ಯ ವಿಚಾರಿಸಿಯೇ ಶುರು ಮಾಡಬೇಕು ಎಂದು ಕಲಿಸಿದವನೇ ನೀನು. ಚಳಿ ಬಿದ್ದರೆ ನಿನ್ನ ಎಡ ಮೊಣಕೈ ಹಿಡಿದುಕೊಳ್ಳುತ್ತಿತ್ತಲ್ಲ, ಈಗ ಹೇಗಿದೆ? ಹೊಟ್ಟೆಗೆ ಏನಾದರೂ ಬೀಳುತ್ತಿದೆಯೋ ಇಲ್ಲವೋ? ನಾನು ಚೆನ್ನಾಗಿದ್ದೇನೆ. ಮಂಡಿನೋವೊಂದು ಬಿಟ್ಟರೆ ಅಮ್ಮನೂ ಪರವಾಗಿಲ್ಲ. ಹೋದ ಚಳಿಗಾಲದಲ್ಲಿ ಸರಕು ಇಳಿಸಿ, ಖಾಲಿ ಲಾರಿಯಲ್ಲಿ ಮನೆಗೆ ಹೊರಟ ನೀನು ಇದೇ ಅಂಗಡಿಯಲ್ಲಿ ಚಹಾ ಕುಡಿದು ಇಳಿಯಲು ಹೊರಟೆ. ಕೆಳಗೆ ತಲುಪಲೇ ಇಲ್ಲ. ಹಿಮ ಕರಗಿದ ಮೇಲೆ ಕಂಪನಿಯವರು ಹಗ್ಗ ಕಟ್ಟಿಕೊಂಡು ಕಣಿವೆಗೆ ಇಳಿದು ಹುಡುಕಿದರು. ನೀನೂ ಸಿಗಲಿಲ್ಲ, ಲಾರಿಯ ಒಂದು ಬೋಲ್ಟೂ ಸಿಗಲಿಲ್ಲ. ಅಷ್ಟು ದೊಡ್ಡ ಗಾಡಿಯನ್ನು ಎಲ್ಲಿ ಬಚ್ಚಿಟ್ಟೆ ಮಾರಾಯ? ಯಾರಾದರೂ ನಿನ್ನನ್ನು ತೀರಿಹೋದವನೆಂಬಂತೆ ಮಾತಾಡಿದರೆ ಅಮ್ಮ ಅಲ್ಲಿಂದ ಎದ್ದು ಹೋಗುತ್ತಾಳೆ. “ಅವನು ಬರೋದು ಯಾವಾಗ್ಲೂ ತಡಾನೇ” ಎಂದು ಒಳಗಿನಿಂದ ಗೊಣಗುವುದು ಕೇಳಿಸುತ್ತದೆ.

ಒಂದು ಸುದ್ದಿ ಹೇಳಿದರೆ ನಗುತ್ತೀಯ. ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲು ಹಿಡಿದುಕೊಂಡಿದ್ದ ನಿನ್ನ ತಮ್ಮ ಈಗ ಸ್ಟಿಯರಿಂಗ್ ಹಿಡಿದಿದ್ದಾನೆ. ನಿನ್ನದೇ ಕಂಪನಿ, ನಿನ್ನದೇ ದಾರಿ. ಅಮ್ಮ ಊಟ ಬಿಟ್ಟಳು, ಮಾತು ಬಿಟ್ಟಳು, ಕೊನೆಗೆ ಹೊರಡುವ ದಿನ ತಾನೇ ನನ್ನ ಚೀಲಕ್ಕೆ ಉಣ್ಣೆಯ ಕಾಲುಚೀಲ ತುಂಬಿಕೊಟ್ಟಳು. ನಾನು ಯಾಕೆ ಸೇರಿದೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು, ಬಾಯಿಬಿಟ್ಟು ಇಬ್ಬರೂ ಹೇಳಲಿಲ್ಲ. ನಿನ್ನನ್ನು ಹುಡುಕಲು ಸೇರಿದೆ ಅಣ್ಣ. ಆದರೆ ಈ ಕೆಲಸ ಇಷ್ಟು ಕಷ್ಟ ಎಂದು ನೀನು ಒಂದು ದಿನವಾದರೂ ಹೇಳಬಾರದಿತ್ತೇ? ಬೆಳಿಗ್ಗೆ ಬಾಗಿಲಿನ ಬೀಗಕ್ಕೆ ಬಿಸಿನೀರು ಹುಯ್ಯದೆ ಕೀಲಿ ತಿರುಗುವುದಿಲ್ಲ. ಡೀಸೆಲ್ ಗಂಜಿಯ ಹಾಗೆ ಗಟ್ಟಿಯಾಗುತ್ತದೆ. ಬೂಟನ್ನು ತಬ್ಬಿಕೊಂಡು ಮಲಗದಿದ್ದರೆ ಮಾರನೆಯ ದಿನ ಅದು ಮರದ ತುಂಡು. ಮನೆಯಲ್ಲಿ ಹೆಂಡತಿಯನ್ನು ತಬ್ಬುವ ವಯಸ್ಸಿನಲ್ಲಿ ಬೂಟು ತಬ್ಬುತ್ತಿದ್ದೀಯಲ್ಲೋ ಎಂದು ಕೆಮ್ಮಜ್ಜ ಆಡಿಕೊಳ್ಳುತ್ತಾನೆ. ಕೆಮ್ಮಜ್ಜ ಎಂದರೆ ನನಗೆ ಗಾಡಿ ಕಲಿಸಿದ ಮುದುಕ. ಒಂದು ಮಾತಿಗೆ ಎರಡು ಕೆಮ್ಮು. ನಿನ್ನನ್ನೂ ಬಲ್ಲೆ ಎಂದ, ಹೆಚ್ಚು ಹೇಳಲಿಲ್ಲ.

ಘಾಟಿಯಲ್ಲಿ ವೈರ್‌ಲೆಸ್ ಸೆಟ್ಟಿನ ನಿಯಮ ಅವನೇ ಹೇಳಿಕೊಟ್ಟ. ನಿನಗೆ ಗೊತ್ತಿರುವುದೇ, ಆದರೂ ನಾನೂ ಕಲಿತಿದ್ದೇನೆ ಎಂದು ತೋರಿಸಿಕೊಳ್ಳಬೇಡವೇ? ಮಂಜು ಮುಸುಕಿದಾಗ ಯಾರು ಎಲ್ಲಿದ್ದಾರೆ ಎಂದು ಪ್ರತಿಯೊಬ್ಬರೂ ಸೆಟ್ಟಿನಲ್ಲಿ ಕೂಗಿ ಹೇಳಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಮೂತಿಗೆ ಮೂತಿ. ಹಾಗೆ ಕೂಗುವಾಗ ಹೆಸರು ಹೇಳುವಂತಿಲ್ಲ, ಹೊತ್ತ ಸರಕನ್ನೇ ಹೇಳಬೇಕು. ಕೆಮ್ಮಜ್ಜ ಉಪ್ಪು, ನಾನು ಗಾಜು, ಏನೂ ಹೊರದವನು ಖಾಲಿ. “ಹೆಸರೆಲ್ಲ ಕೆಳಗೆ ಇಟ್ಟು ಬಾ. ಇಲ್ಲಿ ನೀನು ಗಾಜು, ಅಷ್ಟೇ” ಎಂದಿದ್ದ. ಗೊಂದಲ ಆಗದಿರಲಿ ಎಂದು ಹೀಗೊಂದು ಪದ್ಧತಿ ಇರಬೇಕು ಎಂದುಕೊಂಡೆ.

ಒಬ್ಬನೇ ಗಾಡಿ ಇಳಿಸಿದ ಮೊದಲ ದಿನ ಮಧ್ಯಾಹ್ನವೇ ಎಲ್ಲ ಬೆಳ್ಳಗಾಗಿಬಿಟ್ಟಿತು. ಬಾನೆಟ್ ಕೂಡ ಕಾಣುತ್ತಿರಲಿಲ್ಲ. ಜೀವ ಕೈಯಲ್ಲಿ ಹಿಡಿದು, ಗಾಜು ಎಂದು ಸೆಟ್ಟಿನಲ್ಲಿ ಕೂಗುತ್ತ, ಬ್ರೇಕ್ ಒತ್ತಿಕೊಂಡೇ ಇಳಿಯುತ್ತಿದ್ದೆ. ಆಗ ಸೆಟ್ಟಿನಲ್ಲಿ ಯಾರೋ ಸೊರ್ರೆಂದು ಮೂಗೇರಿಸಿದರು, ಆಮೇಲೆ ದನಿ ಬಂತು: “ಖಾಲಿ. ಕನ್ನಡಿ ತಿರುವಲ್ಲಿ ನಿಂತಿದೀನಿ.” ಎದುರಿನ ಗಾಡಿ ಕಾಣಲೆಂದು ಕಂಬಕ್ಕೆ ದುಂಡು ಕನ್ನಡಿ ಹಾಕಿದ್ದಾರಲ್ಲ, ಆ ತಿರುವು. ಸ್ವಲ್ಪ ಹೊತ್ತು ಬಿಟ್ಟು, “ಗಾಜು, ಗೇರ್ ಇಳಿಸು. ಬ್ರೇಕ್ ಮೇಲೆ ಕೂತ್ಕೋಬೇಡ, ಸುಟ್ಟುಹೋಗುತ್ತೆ.” ಆಗಲೇ ನನ್ನ ಮೂಗಿಗೆ ಸುಟ್ಟ ವಾಸನೆ ಬಡಿದದ್ದು. ಗೇರ್ ಇಳಿಸಿದೆ, ಬದುಕಿಕೊಂಡೆ. ಮಾತಿಗೆ ಮುಂಚೆ ಮೂಗೇರಿಸುವ ಆ ಅಭ್ಯಾಸ ನಿನ್ನದೇ. ಅಜ್ಜ ಹೇಳಿದ್ದೆಲ್ಲ ಗಾಳಿಗೆ ಹೋಯಿತು. “ಅಣ್ಣಾ, ನಾನು ಕಣೋ, ಗೂಬೆಮರಿ” ಎಂದುಬಿಟ್ಟೆ. ಚಿಕ್ಕಂದಿನಲ್ಲಿ ನಿದ್ದೆ ಮಾಡದ ತಮ್ಮನಿಗೆ ನೀನೇ ಇಟ್ಟ ಹೆಸರು, ಹೊರಗಿನವರು ಯಾರಿಗೂ ಗೊತ್ತಿಲ್ಲ. ಸೆಟ್ಟು ಗೊರ್ ಎಂದಿತು. ಆಮೇಲೆ, “ಗೂಬೆಮರಿ. ನಿಧಾನವಾಗಿ ಬಾ.” ಕನ್ನಡಿ ತಿರುವಿಗೆ ಬಂದಾಗ ಅಲ್ಲಿ ಲಾರಿ ಇರಲಿಲ್ಲ. ಹಿಮದ ಮೇಲೆ ಒಂದು ಚಕ್ರದ ಗುರುತೂ ಇರಲಿಲ್ಲ.

ಹೆದರಿದೆ ಎಂದುಕೊಂಡೆಯಾ? ಇಲ್ಲ, ಖುಷಿಯಾಯಿತು. ಕೆಳಗಿಳಿದು ಹೊಟ್ಟೆ ತುಂಬ ಉಂಡೆ. ಆಮೇಲೆ ಮಂಜು ಬಿದ್ದ ದಿನವೆಲ್ಲ, ಇಳಿಯುವಾಗ ನೀನು ಸಿಗುತ್ತಿದ್ದೆ. ನಾನೂ ಬಾಯಿಬಡುಕ, ಅಮ್ಮನ ಮಂಡಿ, ಸೋರುವ ನಲ್ಲಿ, ಪಕ್ಕದ ಮನೆಯ ಜಗಳ, ಎಲ್ಲ ಒದರಿದೆ. ನೀನು ಕೇಳಿಸಿಕೊಳ್ಳುತ್ತಿದ್ದೆ. ಅಮ್ಮನಿಗೆ ಹೇಳಿಬಿಡಲೇ ಎಂದು ಫೋನು ಕೈಗೆತ್ತಿಕೊಂಡು ಎಷ್ಟೋ ಸಲ ಇಟ್ಟಿದ್ದೇನೆ. ಹೇಳಿದರೆ ಮಂಡಿನೋವು ಮರೆತು ಬಸ್ಸು ಹತ್ತಿ ಬಂದುಬಿಡುವವಳು ಅವಳು.

ಹೋದ ವಾರ ಕೆಮ್ಮಜ್ಜನ ಗಾಡಿ ನನ್ನ ಹಿಂದೆಯೇ ಇತ್ತು. ಕೆಳಗೆ ನಿಲ್ಲಿಸಿದ ಮೇಲೆ ಬಂದು ನನ್ನ ಬಾಗಿಲು ತಟ್ಟಿದ. “ಯಾರ ಜೊತೆ ಮಾತಾಡ್ತಿದ್ದೆ? ಸೆಟ್ಟಲ್ಲಿ ನನಗೆ ನಿನ್ನ ಮಾತು ಮಾತ್ರ ಕೇಳಿಸ್ತು.” ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ನಗಲಿಲ್ಲ, ಕೆಮ್ಮಲೂ ಇಲ್ಲ. “ಮನೇಲಿ ಕರೆಯೋ ಹೆಸರು ಮೊದಲು ನೀನು ಹೇಳಿದ್ಯಾ, ಅವನು ಹೇಳಿದ್ನಾ?” ಎಂದು ಕೇಳಿದ. ನಾನು ಹೇಳಿದ್ದು ಎಂದೆ. “ಅದಕ್ಕೇ ಹೆಸರು ಕೆಳಗೆ ಇಟ್ಟು ಬಾ ಅಂದಿದ್ದು” ಎಂದು ತಲೆ ಮೇಲೆ ಟೋಪಿ ಎಳೆದುಕೊಂಡು ಹೋದ.

ಅಂದಿನಿಂದ ನಿದ್ದೆ ಹತ್ತಿರ ಸುಳಿದಿಲ್ಲ. ಮುಂದಿನ ಸಲ ಇಳಿಯುವಾಗ ಪರೀಕ್ಷೆ ಮಾಡೋಣ ಎಂದು ಕೇಳಿದೆ: ಅಣ್ಣ, ನೀನು ಕೊನೆಯ ಸಲ ಮನೆಯಿಂದ ಹೊರಟಾಗ ಬಾಗಿಲಲ್ಲಿ ನನಗೆ ಏನು ಹೇಳಿದೆ? ಸೆಟ್ಟು ಮೆತ್ತಗೆ, “ನೀನೇ ಹೇಳು” ಎಂದಿತು. ನನ್ನ ದಡ್ಡತನ ನೋಡು, ಹೇಳಿದೆ. “ಅಮ್ಮನ್ನ ನೋಡ್ಕೋ ಅಂದೆ” ಎಂದು ಹೇಳಿದೆ. ಅದರ ಮುಂದಿನ ಸಲ ಅದೇ ದನಿ, ಮೂಗೇರಿಸಿ, ತಾನೇ ನೆನಪು ಮಾಡಿಕೊಂಡಂತೆ “ಅಮ್ಮನ್ನ ನೋಡ್ಕೋ ಅಂದಿದ್ದೆ ನಿಂಗೆ, ನೆನಪಿದ್ಯಾ?” ಎಂದಿತು. ಹೀಟರ್ ಉರಿಯುತ್ತಿದ್ದರೂ ನನ್ನ ಬೆನ್ನು ತಣ್ಣಗಾಯಿತು. ಅದಕ್ಕೆ ಗೊತ್ತಿದ್ದದ್ದೆಲ್ಲ ನಾನೇ ಹೇಳಿದ್ದು. ಮೊದಲ ದಿನ ನನ್ನನ್ನು ಉಳಿಸಿದ ಬ್ರೇಕಿನ ಮಾತೊಂದು ಬಿಟ್ಟರೆ. ಆ ಒಂದು ಮಾತು ಹಿಡಿದುಕೊಂಡೇ ಈಗಲೂ ನೀನು ಎಂದು ಬರೆಯುತ್ತಿದ್ದೇನೆ.

ಮೊನ್ನೆ ಕನ್ನಡಿ ತಿರುವಿನಲ್ಲಿ, “ಗೂಬೆಮರಿ, ಎಡಕ್ಕೆ ಬಾ. ಇಲ್ಲಿ ಗಾಳಿ ಇಲ್ಲ, ಚಳಿ ಇಲ್ಲ. ನಿಂಗೂ ಜಾಗ ಮಾಡಿದೀನಿ” ಎಂದಿತು. ಆ ದನಿಯಲ್ಲಿ ಎಷ್ಟು ಪ್ರೀತಿ ಇತ್ತೆಂದರೆ ನನಗಿಂತ ಮೊದಲು ನನ್ನ ಕೈ ತಿರುಗಿತು. ಮುಂದಿನ ಚಕ್ರ ಅಂಚಿನ ಕಲ್ಲಿಗೆ ಗುದ್ದಿ ನಿಂತಿತು. ಹಿಂದೆ ಗಾಜೆಲ್ಲ ಒಮ್ಮೆಲೇ ಝಲ್ ಎಂದಿತು. ಮಂಜು ಚೂರು ಸರಿದಾಗ ಎಡಕ್ಕೆ ರಸ್ತೆಯೇ ಇಲ್ಲ, ಬರೀ ಕೆಳಗೆ, ಕಣ್ಣು ಹೋಗುವಷ್ಟು ಕೆಳಗೆ. ಸೆಟ್ಟಿನಲ್ಲಿ, ಮುನಿಸಿಕೊಂಡವರ ಹಾಗೆ, “ಇಷ್ಟು ಹತ್ರ ಬಂದು ನಿಂತ್ಯಲ್ಲೋ.” ಗಾಡಿ ಹಿಂದಕ್ಕೆ ತೆಗೆಯುವ ಹೊತ್ತಿಗೆ ನನ್ನ ಅಂಗಿಯೆಲ್ಲ ಒದ್ದೆ.

ಇಷ್ಟೆಲ್ಲ ಆದ ಮೇಲೂ ಆ ದನಿ ಕೇಳಬೇಕು ಎನ್ನಿಸುತ್ತದೆ ಅಣ್ಣ. ಅದು ಹೋದರೆ ನೀನು ಇನ್ನೊಂದು ಸಲ ಹೋದಂತೆ. ಇವತ್ತೂ ಮಂಜಿದೆ, ಇವತ್ತೂ ಗಾಜು. ಇಲ್ಲಿ ಒಲೆಯ ಪಕ್ಕ ಕೂತು ಬರೆಯುತ್ತಿದ್ದೇನೆ, ಅಂಗಡಿಯಾಕೆ ಎರಡನೆಯ ಲೋಟಕ್ಕೆ ದುಡ್ಡು ಬೇಡ ಎಂದಳು. ನನ್ನ ಮುಖ ಹೇಗಿದೆಯೋ ಏನೋ. ಅಮ್ಮ ಫೋನಿನಲ್ಲಿ, ನೀನು ಸಿಕ್ಕರೆ ಮೊದಲು ಎರಡು ಬೈದು ಆಮೇಲೆ ಅಮ್ಮ ನಿನ್ನನ್ನು ವಿಚಾರಿಸಿದಳು ಎನ್ನಲು ಹೇಳಿದ್ದಾಳೆ. ಬೈದೆ ಎಂದುಕೋ. ಎಲ್ಲಿದ್ದರೂ ಬೆಚ್ಚಗಿರು, ನನ್ನ ಮೇಲೆ ಕೋಪ ಬೇಡ.

ನಿನ್ನ ಕಾಲಿಗೆ ಬೀಳುವ,
ತಮ್ಮ

ಮರೆತಿದ್ದೆ: ಕೆಮ್ಮಜ್ಜ ಆಗಲೇ ಹಾರನ್ ಹೊಡೆಯುತ್ತಿದ್ದಾನೆ. ಅವನು ಮುಂದೆ ಹೋಗಿ ಈ ಕಾಗದವನ್ನು ಕನ್ನಡಿಯ ಕಂಬಕ್ಕೆ ಕಟ್ಟುತ್ತಾನೆ, ನಾನು ಹಿಂದಿನಿಂದ ಬರುತ್ತೇನೆ. ಸೆಟ್ಟಿನಲ್ಲಿ ಹೇಳದೆ ಬರೆದದ್ದು ಯಾಕೆಂದರೆ, ಅಲ್ಲಿ ಹೇಳಿದ್ದನ್ನೆಲ್ಲ ಆ ದನಿ ಕಲಿತುಬಿಡುತ್ತದೆ, ಇದು ನಿನಗೊಬ್ಬನಿಗೇ ಗೊತ್ತಾಗಬೇಕು. ನಾನು ಆ ತಿರುವಿಗೆ ಬಂದಾಗ ಇವತ್ತು ನೀನು ಕರೆಯಬೇಡ. ಒಂದು ಮಾತೂ ಬೇಡ. ಅಮ್ಮನಿಗೆ ಈಗ ನಾನೊಬ್ಬನೇ ಎಂದು ನಿನಗೆ ಗೊತ್ತು. ಸುಮ್ಮನಿದ್ದರೆ, ಇಷ್ಟು ದಿನ ಮಾತಾಡಿದವನು ನನ್ನ ಅಣ್ಣನೇ ಎಂದು ನಂಬುತ್ತೇನೆ, ಅಮ್ಮನಿಗೂ ಹಾಗೇ ಹೇಳುತ್ತೇನೆ. ಕರೆದರೆ ಅದು ನೀನಲ್ಲ. ಸೆಟ್ಟು ಆರಿಸುವುದಿಲ್ಲ, ಕಿವಿಗೊಟ್ಟುಕೊಂಡೇ ಇಳಿಯುತ್ತೇನೆ.