ಗೋಡೆಯ ಮೇಲೆ ಬರೆದ ಹೆಸರು

ಪುವೆರ್ತೊ ಲಾಪಾಚೊ
ಶುಕ್ರವಾರ, ಮಾರ್ಚ್ 14

ನನ್ನ ಮುದ್ದು ನೋಯೆಲಿಯಾ,

ಫೋನು ಇರುವಾಗ ಅಮ್ಮ ಯಾಕೆ ಕಾಗದ ಬರೆದಳು ಅನ್ನಬೇಡ. ನಿನ್ನ ಗಂಡ ನಿನ್ನ ಫೋನು ತೆಗೆದು ನೋಡುತ್ತಾನೆ ಅಂತ ನೀನೇ ಹೇಳಿದ್ದೆ. ಇದನ್ನು ನಿಮ್ಮೂರು ರೊಸಾರಿಯೊಗೆ ಬರುವ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತೇನೆ. ನಾಳೆ ಬೆಳಿಗ್ಗೆ ನಿಲ್ದಾಣಕ್ಕೆ ಒಬ್ಬಳೇ ಬಂದು ಇಸಿದುಕೋ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬುಧವಾರ ನೀನು ಫೋನು ಮಾಡಿದಾಗಿನಿಂದ ಇದನ್ನು ಬರೆದು ಹರಿಯುತ್ತಿರುವುದು ನಾಲ್ಕನೇ ಸಲ.

ಭಾನುವಾರ ನಮ್ಮ ಸಾನ್ ರೋಕೆ ತಂಡ ನಾಲ್ಕು ಗೋಲು ತಿಂದಿತಲ್ಲ, ಹಿಂದೆ ನಿಂತು ಕಾಯುವವನೇ ಇಲ್ಲ. ಆಟಗಾರರನ್ನು ಕೊಳ್ಳುವ ಗಡುವು ಮುಗಿದುಹೋಗಿದೆ. ಇನ್ನು ಸೇರಿಸಿಕೊಂಡರೆ ಯಾವ ಕ್ಲಬ್ಬಿನಲ್ಲೂ ಇಲ್ಲದವನನ್ನು, 'ಲಿಬ್ರೆ' ಆಗಿರುವವನನ್ನು ಮಾತ್ರ. ಸೋಮವಾರ ಕ್ರೀಡಾಂಗಣದ ಗೇಟಿನೆದುರು ನನ್ನ ಚೊರಿಪಾನ್ ಅಂಗಡಿಯಲ್ಲಿ ಬ್ರೆಡ್ಡಿಗೆ ಇಡುವ ಸಾಸೇಜು ಸುಡಲು ಕೆಂಡ ಹಿಡಿಯುವ ಮೊದಲೇ ಜನ ಸೇರಿದ್ದರು. ಎಲ್ಲರ ಬಾಯಲ್ಲೂ ಒಂದೇ ಹೆಸರು, ನಿನ್ನ ಇಲಾರಿಯೊ.

ಕ್ಷೌರದ ದೋನ್ ಎವಾರಿಸ್ತೊ ನನ್ನ ಬೆಂಚನ್ನೇ ವೇದಿಕೆ ಮಾಡಿಕೊಂಡಿದ್ದ. "ಮೂವತ್ತೊಂದು ವರ್ಷ, ಆರಡಿ ಆಳು. ತಲೆ ಕೊಟ್ಟ ಅಂದ್ರೆ ಚೆಂಡು ನದಿಯಾಚೆ ಬೀಳುತ್ತೆ. ಇಂಥೋನು ಸುಮ್ನೆ ಮನೇಲಿ ಕೂತಿದಾನೆ, ನಮ್ಗಿನ್ನೇನ್ರಪ್ಪಾ ಬೇಕು?" ಅಂದ. ಮೀನು ಮಾರುವ ಗ್ರಿಸೆಲ್ಡಾ ಬಿಡುತ್ತಾಳೆಯೇ? "ಅಷ್ಟು ಚೆನ್ನಾಗಿರೋನ್ನ ಅವನ ಹಳೇ ಕ್ಲಬ್ಬಿನೋರು ಜನವರೀಲಿ ಯಾಕೆ ಕೈಬಿಟ್ರು? ಯಾರಾದ್ರೂ ಬಿಟ್ಟಿ ಮೀನು ತಂದುಕೊಟ್ರೆ ನಾನು ಮೊದ್ಲು ಕಿವಿರು ಎತ್ತಿ ನೋಡ್ತೀನಪ್ಪ" ಅಂದಳು. ಯಾರೋ ಮಂಡಿ ಹೋಗಿರಬೇಕು ಅಂದರು. "ಮಂಡಿ ತಾನೆ? ನಮ್ ಡಾಕ್ಟ್ರು ಎರಡು ಸಲ ಬಗ್ಗಿಸಿ ನೋಡ್ತಾರೆ. ಬಗ್ಗಿದ್ರೆ ಸಹಿ!" ಅಂತ ಎವಾರಿಸ್ತೊ ನಕ್ಕು, ನನ್ನ ಕಡೆ ತಿರುಗಿದ. "ನೀವೇ ಹೇಳಿ ದೋನ್ಯಾ ಎಲ್ವಿರಾ, ಅಳಿಯಂದ್ರಿಗೆ ಏನಾಗಿದೆ?"

ಏನಾಗಿದೆ ಅಂತ ನನಗೆ ಗೊತ್ತು. ಜನವರಿಯಲ್ಲಿ ನೀನು ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ್ದೆಲ್ಲ ಕಣ್ಣಿಗೆ ಕಟ್ಟಿದೆ. ಅಭ್ಯಾಸದಲ್ಲಿ ಅವನು ಮುಖ ಅಡಿಯಾಗಿ ಬಿದ್ದದ್ದು, ಹೃದಯದ ಸ್ನಾಯು ದಪ್ಪಗಾಗಿದೆ, ಇನ್ನೊಂದು ಸಲ ಬಿದ್ದರೆ ಏಳುವುದಿಲ್ಲ ಅಂತ ಡಾಕ್ಟರು ಹೇಳಿದ್ದು, ಅವನು ಆ ವರದಿ ಹರಿದೆಸೆದದ್ದು. ಯಾರಿಗೂ ಹೇಳಬೇಡ ಅಂತ ನಿನ್ನ ಅಪ್ಪನ ಫೋಟೋ ಮುಟ್ಟಿಸಿ ನನ್ನಿಂದ ಆಣೆ ಹಾಕಿಸಿದೆ. ಹಾಗಾಗಿ ಎವಾರಿಸ್ತೊಗೆ, ಸಾಸು ಇನ್ನೊಂಚೂರು ಹಾಕಲಾ ಅಂತ ಕೇಳಿ ಮಾತು ಮರೆಸಿದೆ.

ಮಂಗಳವಾರ ಮಧ್ಯಾಹ್ನ ಊರೆಲ್ಲ ಸಿಯೆಸ್ತಾ ನಿದ್ದೆಯಲ್ಲಿದ್ದಾಗ, ನಾಯಿಗಳೂ ಮಲಗಿದ್ದ ಹೊತ್ತಿನಲ್ಲಿ, ಯಾರೋ ಕ್ರೀಡಾಂಗಣದ ಗೋಡೆಯ ಮೇಲೆ ಬರೆದರು. ಅವನ ಹೆಸರು, ಕೆಳಗೆ 'ತಣ್ಣನೆ ಎದೆಯವನು ನಮಗೆ ಬೇಡ' ಅಂತ. ಎದೆಯಲ್ಲಿ ಕಿಚ್ಚಿಲ್ಲ ಅನ್ನುವ ಆ ಮಾತು ಆಟಗಾರನಿಗೆ ಹೇಡಿ ಅನ್ನುವುದಕ್ಕಿಂತ ದೊಡ್ಡ ಬೈಗುಳ ಅಂತ ನಿನಗೆ ಹೇಳಬೇಕಿಲ್ಲ. ನಿದ್ದೆ ಮುಗಿಸಿ ಬಂದ ಎವಾರಿಸ್ತೊ, "ಬೈಯೋಕಾದ್ರೂ ಇಸ್ಕೂಲಿಗೆ ಹೋಗಿರ್ಬೇಕು. ಬಾಯಲ್ಲಿ ಹೇಳ್ದಿದ್ರೂ ಬರೆಯೋವಾಗ ಹೆಸರಿಗೆ 'ಹ' ಬೇಕಲ್ವಾ, ಆ ಮೊದಲಕ್ಷರಾನೇ ನುಂಗಿದಾನೆ ನೋಡಿ ಬೃಹಸ್ಪತಿ" ಅಂತ ನಗಾಡಿದ. ಗ್ರಿಸೆಲ್ಡಾ ನಗಲಿಲ್ಲ. "ನಮ್ಮೂರ ಅಳಿಯನ್ನ ನಾನು ಬೇಕಾದ್ರೆ ಬೈತೀನಿ. ಇವನ್ಯಾವನು ಬೈಯೋಕೆ? ಈಗ ಅವನು ಬರ್ಲೇಬೇಕು" ಅಂತ ಕೂಗಿದಳು. ಸಂಜೆಯೊಳಗೆ ಬೇಡ ಅನ್ನುವವರೇ ಉಳಿಯಲಿಲ್ಲ.

ಆ ಗೋಡೆಯ ಫೋಟೋ ನಿಮ್ಮ ಮನೆಗೂ ಬಂತು. ಮಕ್ಕಳಿಗೆ ಆಟ ಕಲಿಸಿಕೊಂಡು ಇರುತ್ತೇನೆ ಅಂತ ಹೆಚ್ಚುಕಡಿಮೆ ಒಪ್ಪಿದ್ದವನು, "ನನ್ನೆದೆ ತಣ್ಣಗಿದೆಯೋ ಬಿಸಿಯಾಗಿದೆಯೋ ಅಲ್ಲೇ ಬಂದು ತೋರಿಸ್ತೀನಿ" ಅಂದನಂತೆ. ಸೋಮವಾರ ಹತ್ತು ಗಂಟೆಗೆ ವೈದ್ಯರ ಪರೀಕ್ಷೆ, ಆಮೇಲೆ ಸಹಿ, ಅದರ ಮುಂದಿನ ಭಾನುವಾರ ಆಟ. ಬುಧವಾರ ಫೋನಿನಲ್ಲಿ ನೀನು ಅಳುತ್ತಲೇ, ಆ ಫೋಟೋ ನೋಡಿದ್ದರೂ, ಹೆಸರು ಹೇಗೆ ಬರೆದಿತ್ತು ಅಂತ ಎರಡೆರಡು ಸಲ ಕೇಳಿದೆ. ಕನ್ನಡಕ ಇರಲಿಲ್ಲ, ಸರಿಯಾಗಿ ನೋಡಲಿಲ್ಲ ಅಂದೆ. ಯಾವ ಪಾಪಿ ಬರೆದನೋ ನನಗೇನು ಗೊತ್ತು.

ನನಗೆ ಹೆದರಿಕೆ ಕಣೆ. ಆಟದ ದಿನ ಆಂಬುಲೆನ್ಸು ನಿಲ್ಲುವುದು ನನ್ನ ಅಂಗಡಿಯ ಪಕ್ಕದಲ್ಲೇ. ಅದರ ಡ್ರೈವರ್ ಕೀಲಿಕೈಯನ್ನು ನನ್ನ ಸಾಸಿವೆ ಡಬ್ಬಿಯ ಪಕ್ಕ ಇಟ್ಟು, ಆಟ ನೋಡಲು ಬೇಲಿ ಹತ್ತಿ ಕೂರುತ್ತಾನೆ. ಇಷ್ಟು ವರ್ಷ ಅದನ್ನು ನೋಡಿ ನಗುತ್ತಿದ್ದೆ. ಈಗ ಆ ಡಬ್ಬಿಯನ್ನೇ ಕಣ್ಣಿಗೆ ಬೀಳದ ಹಾಗೆ ಒಳಗೆ ಎತ್ತಿಟ್ಟಿದ್ದೇನೆ. ಆ ವರದಿಯ ಇನ್ನೊಂದು ಪ್ರತಿ ಹಿಟ್ಟಿನ ಡಬ್ಬದಲ್ಲಿ ಬಚ್ಚಿಟ್ಟಿದ್ದೇನೆ ಅಂದಿದ್ದೆಯಲ್ಲ, ಅದನ್ನು ಹೊರಗೆ ತೆಗೆ ಮಗಳೆ. ಅವನು ಮುನಿದರೆ ಮುನಿಯಲಿ.

ನಿನ್ನ ಅಮ್ಮ,
ಎಲ್ವಿರಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಗೋಡೆಯ ಮೇಲೆ ಬರೆದವಳು ನಾನೇ. ಬೆಂಚಿಗೆ ಬಳಿದು ಉಳಿದ ಹಸಿರು ಬಣ್ಣದಲ್ಲಿ, ನಿನ್ನ ಅಪ್ಪನ ಹಳೆ ಬ್ರಷ್ಷಿನಲ್ಲಿ. ಊರು ಬೇಡ ಅಂದರೆ ಕ್ಲಬ್ಬಿನ ಕಮಿಟಿಯವರು ಕರೆಯುವುದಿಲ್ಲ, ಅವನು ಮನೆಯಲ್ಲಿ ಬದುಕಿರುತ್ತಾನೆ ಅಂದುಕೊಂಡೆ. ಆ ಮಾತು ಕೇಳಿದ ಆಟಗಾರ ಏನು ಮಾಡುತ್ತಾನೆ ಅನ್ನುವುದು, ಇಪ್ಪತ್ತು ವರ್ಷ ಗೇಟಿನೆದುರು ನಿಂತ ನನಗೇ ಹೊಳೆಯಲಿಲ್ಲ. ನಿನಗೆ ಆಗಲೇ ಗೊತ್ತಾಗಿತ್ತು, ಅಲ್ಲವೇ? ನಿಮ್ಮ ಮದುವೆಯ ಕೇಕಿನ ಮೇಲೂ ನಾನು ಆ ಮೊದಲಕ್ಷರ ಬಿಟ್ಟಿದ್ದೆ. ಬಾಯಲ್ಲಿ ಹೇಳದ ಅಕ್ಷರವನ್ನು ಕೈಯಲ್ಲಿ ಯಾಕೆ ಬರೆಯಬೇಕು ಅಂತ ವಾದ ಬೇರೆ ಮಾಡಿದ್ದೆ.

ಈ ಕಾಗದ ಅವನ ಕೈಗೇ ಕೊಡು. ಸೋಮವಾರ ಹತ್ತು ಗಂಟೆಗೆ ನಾನು ಡಾಕ್ಟರ ಬಾಗಿಲಲ್ಲಿ ನಿಂತಿರುತ್ತೇನೆ, ನಿನ್ನ ಅಪ್ಪನ ಆಣೆ ಮುರಿಯಲು.

ಹಿಲಾರಿಯೊ, ಈ ಸಲ ಅಕ್ಷರ ಬಿಟ್ಟಿಲ್ಲ ನೋಡಪ್ಪ. ನಿನ್ನನ್ನು ಹಾಗೆ ಅಂದವಳು ನಾನು. ನನ್ನ ಮೇಲಿನ ಸಿಟ್ಟು ನೀನು ಮುದುಕನಾಗುವ ತನಕ ಇರಲಿ.