ಖುರ್ಚಿ ಮ್ಯಾಲಿನ ಬಿಳಿ ಅರಿವಿ

ಅನುರಾಧಪುರದ ಹತ್ತರ ಒಂದು ಹಳ್ಳಿ, ಸಿಲೋನ್
೯ ಜನೇವರಿ ೧೯೬೫

ಪ್ರೀತಿಯ ಶೇವಂತಿಗೆ ನಿನ್ನ ಅರ್ಜುನಪ್ಪನ ಜೈಭೀಮ.

ಮೊದಲ ಒಂದು ಮಾತು: ನಾ ಸತ್ತಿಲ್ಲ. ಅಳೂದು ನಿಂದರಿಸು. ಬಿರಗಾಳಿಗೆ ಧನುಷ್ಕೋಡಿ ಸಮುದ್ರದ ಪಾಲಾತು, ರೈಲೂ ಹೋತು ಅಂತ ಧಾರವಾಡದ ಪೇಪರಿನ್ಯಾಗ ಬಂದಿರತೈತಿ. ಡಿಸೆಂಬರ ಕೊನಿಗೆ ಅದ ದಾರೀಲೆ ಬರತೇನಿ ಅಂತ ಹೇಳಿ ಬಂದಾಂವ ನಾ. ನೀ ಏನೇನು ತಿಳಕೊಂಡಿದ್ದೀಯೋ. ಹಡಗ ಬಂದ್, ಟಪಾಲೂ ಬಂದ್. ತಡಾ ಆಗಿದ್ದಕ್ಕ ಬೈಬ್ಯಾಡ. ವಿಮಾನದಾಗ ಮದ್ರಾಸಿಗೆ ಹೊಂಟ ಒಬ್ಬಾತನ ಕೈಯಾಗ ಇದನ್ನ ಕೊಡಾಕತ್ತೇನಿ. ಅಂವ ಒಡದು ಓದಿ ಟಪಾಲಿಗೆ ಹಾಕತಾನೋ, ಹರದು ಒಗೀತಾನೋ, ಯಾರಿಗ್ಗೊತ್ತು? "ನನಗ ಕನ್ನಡಾ ಬರೂದಿಲ್ಲ" ಅಂತ ತಾನ ಹೇಳಿದಾ. ಕೇಳದನ ಯಾಕ ಹೇಳಬೇಕು? ನನಗ ಅದಕ್ಕೂ ಸಂಶೆ.

ನಗಬ್ಯಾಡ. ಇಲ್ಲೆ ಬಂದ ಮ್ಯಾಲೆ ನನ್ನ ಸಂಶೆ ಇನ್ನೂ ಜಾಸ್ತಿ ಆಗೇತಿ.

ಅಂದುಕೊಂಡದ್ದು ಒಂದೂ ಆಗಲಿಲ್ಲ ನೋಡು. ಕೊಲಂಬೋದಾಗ ಬಡ ಹುಡುಗರಿಗೆ ಸಾಲಿ ಕಟ್ಟಾಕ ಸೇವಾ ಮಾಡ್ತೇವಿ ಅಂತ ನಾನೂ ನಮ್ಮ ಸಾಲಿ ಶಾಂತಯ್ಯ ಮಾಸ್ತರೂ ರಜಾ ಹಾಕಿ, ಕೊಳ್ಳಾಗ ಹಾರಾ ಹಾಕಿಸಿಕೊಂಡು ಬಂದ್ವಿ. ಬಂದು ನೋಡಿದ್ರ ಜಾಗಾ ತಂಟ್ಯಾಗ ಐತಿ, ಇಟ್ಟಂಗಿ ಒಂದೂ ಬಂದಿಲ್ಲ! ಕರಿಸಿದ ಸಂಘದಾವ್ರು ನಮ್ಮನ್ನ ಲಾರಿ ಹತ್ತಿಸಿ ಈ ಹಳ್ಳಿಗೆ ಅಟ್ಟಿದ್ರು. ಕೆರಿ ಏರಿ ಒಡದೈತಿ, ಮಣ್ಣು ಹೊರ್ರಿ ಅಂದ್ರು. ನಮ್ಮಪ್ಪ ಹೆಬ್ಬಳ್ಳ್ಯಾಗ ಮಣ್ಣು ಹೊತ್ತು ಹೊತ್ತು, ಮಗಾ ಹೊರಬಾರದು ಅಂತ ನನ್ನ ಮಾಸ್ತರನ್ನ ಮಾಡಿದಾ. ನಾ ಸಮುದ್ರಾ ದಾಟಿ ಬಂದು ಮಣ್ಣು ಹೊತ್ತೆ. ಶಾಂತಯ್ಯನೂ ಪಾಪ ಹೊತ್ತಾ, ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿ ನಕ್ವಿ.

ಆದ್ರ ನಾ ಬಂದಿದ್ದು ಸಾಲಿ ಸಲುವಾಗಿ ಅಷ್ಟ ಅಲ್ಲ, ಅದು ನಿನಗೊಬ್ಬಾಕಿಗೆ ಗೊತ್ತು. ನಾವು ಬೌದ್ಧರಾದ್ವಿ, ಗೋಡಿ ಮ್ಯಾಲಿನ ಫೋಟೋ ಬದಲಾದ್ವು, ಆದ್ರ ಓಣ್ಯಾಗ ಮಂದಿ ಮೊದಲಿನಂಗ ಮ್ಯಾಲಿಂದ ನೀರು ಹಾಕೂದು ಬಿಡಲಿಲ್ಲ. ನೀ ಅಂದಿದ್ದಿ, "ಅಜ್ಜ ಮುತ್ತಜ್ಜನ ಕಾಲದಿಂದ ಬುದ್ಧನ್ನ ನಂಬಿದ ಮಂದಿ ಅಲ್ಲೆ ಇದ್ದಾರಂತಲ್ಲ, ಹೋಗಿ ನೋಡಿ ಬರ್ರಿ. ಅವರರ ನಿಮ್ಮ ಮಗ್ಗಲಕ ಕುಂತು ಉಣತಾರೇನು? ಉಂಡ್ರ ಬಂದು ಹೇಳ್ರಿ, ಆವಾಗ ನಾನೂ ನಂಬತೇನಿ." ಆ ಮಾತು ಎದ್ಯಾಗ ಇಟಗೊಂಡ ಬಂದೇನಿ.

ನನ್ನ ಗುಣದಾಸ ಅನ್ನೋ ಸಾಲಿ ಮಾಸ್ತರ ಮನ್ಯಾಗ ಇಟ್ರು, ಶಾಂತಯ್ಯನ್ನ ಊರ ಗೌಡನ ಮನ್ಯಾಗ. ಇಬ್ಬರನ್ನೂ ಬ್ಯಾರೆ ಬ್ಯಾರೆ ಯಾಕ? ಅಲ್ಲೇ ನನ್ನ ಕಿವಿ ನಿಗರಿದ್ವು. ಗುಣದಾಸ ಖುರ್ಚಿ ಮ್ಯಾಲೆ ಒಂದು ಬಿಳಿ ಅರಿವಿ ಹಾಸಿ, ಆಮ್ಯಾಲೆ ನನ್ನ ಕೂಡ್ರಿಸಿದಾ. ಖುರ್ಚಿ ನಾ ಮುಟ್ಟಬಾರದಲ್ಲ! ನನ್ನೊಬ್ಬಗ ಬಡಿಸಿದ್ರು. ಅಂವ, ಅವನ ಹೆಂಡತಿ, ಅವನ ಮುದಿ ತಾಯಿ, ಮೂವರೂ ದೂರ ನಿಂತು ನೋಡಾಕತ್ರು. ನಾ ಎದ್ದ ಕೂಡ್ಲೆ ಹೆಂಡತಿ ಬಂದು ಅರಿವಿ ಎತ್ತಿ ಒಗ್ಯಾಕ ಒಯ್ದಳು. ಇವರಿಗೆ ಯಾರು ಹೇಳಿರಬೇಕು? ನನ್ನ ಹಣಿ ಮ್ಯಾಲೆ ಬರದೈತೇನು?

ದಿನಾ ಅದ ಕಥಿ. ಅದರ ಮ್ಯಾಲೆ ಮೂವರೂ ನನ್ನ ನೋಡಿ ನಗತಿದ್ರು, ಅದು ಇನ್ನೂ ಉರೀತಿತ್ತು. ಒಮ್ಮೆ ಬೇಕಂತ ಅರಿವಿ ಕಿತ್ತು ಒಗದು ಬರೇ ಖುರ್ಚಿ ಮ್ಯಾಲೆ ಕುಂತೆ. ಅಕಿ ಗಾಬರಿ ಆಗಿ ಓಡಿ ಹೋಗಿ ಇನ್ನೊಂದು ತಂದಳು. ಸಾಕಾತು ನನಗ. ಗಂಗಾಳ ಹಿಡಕೊಂಡು ಸೀದಾ ಅಡಗಿ ಮನಿಗೆ ಹೋಗಿ ಒಲಿ ಮುಂದ, ಮುದುಕಿ ಮಗ್ಗಲಕ ನೆಲದ ಮ್ಯಾಲೆ ಕುಂತೆ. ಮುದುಕಿ ಚೀರಿದಳು. ಗುಣದಾಸ ಓಡಿ ಬಂದಾ. ನಾ ಹರಕ ಮುರಕ ಇಂಗ್ಲೀಷಿನ್ಯಾಗ ಅಂದೆ, "ನಾ ಮುಟ್ಟಿದ್ದು ಮೈಲಿಗಿ ಅಕ್ಕೈತಿ ಅಂದ್ರ ಬಾಯಿ ಬಿಟ್ಟು ಹೇಳ್ರಿ, ಈ ನಾಟಕ ಬ್ಯಾಡ."

ಅಂವಗ ತಿಳೀಲಾಕ ಹೊತ್ತು ಹಿಡೀತು. ತಿಳದ ಮ್ಯಾಲೆ ಮಾರಿ ಸಣ್ಣದಾತು. "ಅರಿವಿ ಹಾಸೂದು ನಾವು ಭಿಕ್ಕುಗಳಿಗೆ, ಇಲ್ಲಂದ್ರ ಬಾಳ ದೊಡ್ಡ ಅತಿಥಿಗೆ. ಅತಿಥಿ ಉಣ್ಣೂ ತನಕಾ ಮನ್ಯಾವ್ರು ಕೂಡ್ರೂದಿಲ್ಲ. ನೀವು ಬುದ್ಧ ನಡದಾಡಿದ ದೇಶದಿಂದ ಬಂದೀರಿ" ಅಂದಾ. ಮಗ ಹೇಳಿದ್ದನ್ನ ಕೇಳಿ ಮುದುಕಿ ಮೊದಲ ನಕ್ಕಳು, ಆಮ್ಯಾಲೆ ಅತ್ತಳು. ತಾನೂ ಒಂದು ಗಂಗಾಳಕ್ಕ ಬಡಿಸಿಕೊಂಡು, ಅದರಾಗಿನ ಅನ್ನ ತಗದು ನನ್ನ ಗಂಗಾಳಕ್ಕ ಹಾಕಿದಳು. ನಾ ಉಂಡೆ. ಹೊಗಿ ಬಂತು ಅಂತ ಹೇಳಿ ಕಣ್ಣು ಒರಸಿಕೊಂಡೆ. ಅವತ್ತಿಂದ ನಾಲ್ವರೂ ಒಲಿ ಸುತ್ತ ಕುಂತು ಉಣಾಕತ್ತೇವಿ.

ಇಲ್ಲೆ ಜಾತಿ ಇಲ್ಲಂತ ತಿಳೀಬ್ಯಾಡ, ಐತಿ, ನನ್ನ ಕಿವೀಲೆ ಕೇಳೇನಿ. ಆದ್ರ ನೀ ಕೇಳಿದ ಮಾತಿಗೆ ಉತ್ತರಾ ಸಿಕ್ಕೈತಿ. ಉಂಡಾರ ಶೇವಂತಿ, ಮಗ್ಗಲಕ ಕುಂತ ಉಂಡಾರ. ನೀ ನಂಬಬಹುದು.

ಏರಿ ಕೆಲಸಾ ಮುಗೀತು. ಹೊಸಾ ಹಡಗ ಯಾವಾಗ ಬಿಡತಾರೋ ಒಬ್ಬೊಬ್ಬಾಂವ ಒಂದೊಂದು ಹೇಳತಾನ, ನಾ ಯಾರನ್ನೂ ನಂಬಿಲ್ಲ. ಕೂಸು ಸುಜಾತಾಗ ನನ್ನ ಮುದ್ದು. ನೀ ಹೊತ್ತಿಗೆ ಸರಿಯಾಗಿ ಉಣ್ಣು, ಥಂಡ್ಯಾಗ ತಿರಗಬ್ಯಾಡ. ನಿಮ್ಮಿಬ್ಬರಿಗೂ ಎಲ್ಲಾ ಛಲೋ ಆಗಲಿ.

ನಿನ್ನವ,
ಅರ್ಜುನಪ್ಪ

ತಾ.ಕ.: ಬಾಜೂಮನಿ ಸಾವಕ್ಕ ಓದಿ ಹೇಳಾಕತ್ತಿದ್ರ ಇಲ್ಲಿಗೆ ಅಕಿ ಕೈಯಾಗಿಂದ ಪತ್ರಾ ಕಸಗೋ. ಮುಂದಿಂದು ನೀನ ಒಂದೊಂದು ಅಕ್ಷರಾ ಕೂಡಿಸಿ ಓದು.

ಏರಿ ಮ್ಯಾಲೆ ಎಲ್ಲಾರೂ ಒಂದ ತೆಂಗಿನ ಚಿಪ್ಪಿನ್ಯಾಗ ನೀರು ಕುಡೀತಿದ್ರು, ಶಾಂತಯ್ಯನೂ. ನನಗ ಮಾತ್ರ ಬ್ಯಾರೆ ಚಿಪ್ಪು, ಗಿಡಕ್ಕ ತೂಗ ಹಾಕಿದ್ದು. ಇದೂ ಅತಿಥಿ ಮರ್ಯಾದಿ ಇರಬೇಕಂತ ನಕ್ಕೋತ ಗುಣದಾಸನ್ನ ಕೇಳಿದೆ. ಅಂವ ತಲಿ ತಗ್ಗಿಸಿದಾ. "ಇದು ನಮ್ಮ ಪದ್ಧತಿ ಅಲ್ರಿ. ನೀವು ಬಂದ ದಿನಾ ನಿಮ್ಮ ಗೆಳ್ಯಾರ ಹೇಳಿದ್ರು, ನಿಮ್ಮ ಊರಾಗ ನಿಮಗ ಹಿಂಗ ಕೊಡತಾರ, ಕೂಡ ಕುಡದ್ರ ನಿಮಗ ಮುಜುಗರ ಅಕ್ಕೈತಿ ಅಂತ."

ನಮ್ಮ ಮನ್ಯಾಗ ಕುಂತು ನಿನ್ನ ಕೈಯಾನ ರೊಟ್ಟಿ ಉಂಡಾಂವ ಶೇವಂತಿ! ಶಾಂತಯ್ಯನ ಅಂಗಿ ಹಿಡದು ಕೇಳಿದೆ. "ನಿನ್ನ ಛಲೋದಕ್ಕ ಹೇಳಿದೆ ಅರ್ಜುನಾ. ನಿಮ್ಮ ಮನ್ಯಾಗ ಉಂಡದ್ದು ಯಾರಿಗೂ ಗೊತ್ತಾಗಲಿಲ್ಲ. ಇಲ್ಲೆ ನಿನ್ನ ಕೂಡ ಒಂದ ಚಿಪ್ಪಿನ್ಯಾಗ ಕುಡದ ಸುದ್ದಿ ಊರಿಗೆ ಮುಟ್ಟಿದ್ರ ನಮ್ಮವ್ವ ನನ್ನ ಒಳಗ ಕರಕೊಳ್ಳೂದಿಲ್ಲ" ಅಂದಾ. ಪರದೇಶದವರ ನಗೀಗೆಲ್ಲಾ ಸಂಶೆ ಪಟ್ಟೆ, ಜೋಡಿ ಬಂದಾವನ ಮ್ಯಾಲೆ ಒಮ್ಮೆರ ಬರಲಿಲ್ಲ. ಹೊಡೀಬೇಕಂತ ಕೈ ಎತ್ತಿದ್ದೆ, ಆಗಲಿಲ್ಲ.

ಈಗ ಅಂವ ಚಳಿಜ್ವರಾ ಹತ್ತಿ ಮಲಗ್ಯಾನ, ಕೈ ನಡಗತಾವು, ಪೆನ್ನು ಹಿಡ್ಯಾಕ ಆಗೂದಿಲ್ಲ. ಜೀವಕ್ಕೇನೂ ಭಯ ಇಲ್ಲ ಅಂತ ಡಾಕ್ಟರು ಹೇಳ್ಯಾರ. "ನಮ್ಮವ್ವಗೊಂದು ಸುದ್ದಿ ಮುಟ್ಟಸು" ಅಂತ ಕೇಳಿದಾ. ಆಗೂದಿಲ್ಲ ಹೋಗು ಅಂದಿದ್ದೆ. ಆದ್ರ ಆ ಮುದುಕಿ ಮಗಾ ಸಮುದ್ರದಾಗ ಹೋದಾ ಅಂತ ತಿಳದು ಕುಂತಿರತಾಳು. ಪತ್ರಾ ಮುಟ್ಟಿದ ದಿನಾನ ಅವರ ಮನಿಗೆ ಹೋಗು, ಮಗಾ ಜೀವಂತ ಇದ್ದಾನ ಅಂತ ಹೇಳಿ ಬಾ. ದೂರ ಐತಿ, ಬಿಸಲಾಗ ನಡದು ಹೋಗಿರತಿ. ನೀರಡಿಕಿ ಆದ್ರೂ ಅಲ್ಲೆ ನೀರು ಕೇಳಬ್ಯಾಡ.