ಯೆರಿಕೋ ಬೀಳಲಿಲ್ಲ

ಏಪ್ರಿಲ್ 20, ಸೋಮವಾರ

ಚರ್ಚ್ ಕಮಿಟಿ ಕೊಡುತ್ತೇವೆ ಎಂದದ್ದು: ಚರ್ಚಿನ ವೇದಿಕೆ. ಸೆಟ್ಟಿಗೆ ಪ್ಲೈವುಡ್ಡು. ರಜೆಯ ಬೈಬಲ್ ಶಾಲೆಯ ನಾಟಕದಲ್ಲಿ ಮದಕರಿಪುರದ ಕೇರಿ ಮಕ್ಕಳಿಗೆ ಪಾತ್ರ.

ಕೊಟ್ಟದ್ದು: ಸೈಕಲ್ ಶೆಡ್ಡು. ಪ್ಲೈವುಡ್ಡಿಲ್ಲ. ಪಾತ್ರವೂ ಇಲ್ಲ — ಕೇರಿ ಮಕ್ಕಳು ಚಾಪೆ ಮೇಲೆ ಕೂತು ನೋಡಬೇಕಂತೆ. ಯೇಸುವಿನ ಮನೆಯಲ್ಲೂ ಯಾರು ಮೇಲೆ, ಯಾರು ಕೆಳಗೆ!

ಕಾರ್ಯದರ್ಶಿ ಪ್ರಸನ್ನಕುಮಾರ್ ನಕ್ಕರು. "ಅವಕ್ಕೆ ಸ್ಟೇಜ್ ಮೇಲೆ ಬಾಯಿ ಬರಲ್ಲ ಬಿಡ್ರಿ, ರೋಜಾ ಟೀಚರ್."

"ಯೆರಿಕೋ ಕಥೆ ಕಣ್ರಿ. ಏಳು ಸುತ್ತು ನಡೀಬೇಕು, ಹೋ ಅನ್ಬೇಕು, ಊರಿನ ಗೋಡೆ ಬೀಳ್ಬೇಕು. ಅದಕ್ಕೆ ಯಾವ ಕಾನ್ವೆಂಟ್ ಓದಿರ್ಬೇಕು?"

ಗುರುವಾರ ತೋರಿಸಿ ಎಂದರು. ಗೋಡೆ ಬಿದ್ದರೆ ವೇದಿಕೆ ಕೇರಿ ಮಕ್ಕಳದು. ಇಲ್ಲವಾದರೆ ಅಚ್ಚು ಹಾಕಿಸಿದ ಫ್ಲೆಕ್ಸಿನ ಗೋಡೆ, ಪೇಟೆ ಮಕ್ಕಳು. ಆಯ್ತು. ಹತ್ತು ವರ್ಷ ಕೇರಿಯ ಸಂಘದ ಬ್ಯಾನರು ಬರೆದ ಕೈ ಇದು.

ಏಪ್ರಿಲ್ 22, ಬುಧವಾರ

ಕಿರಾಣಿ ಅಂಗಡಿಯ ರಟ್ಟಿನ ಬಾಕ್ಸು ನಲವತ್ತು. ಹಳೇ ಪೇಪರು, ಮೈದಾ ಅಂಟು. ಒಂದರ ಮೇಲೊಂದು ಜೋಡಿಸಿದೆ. ಹಿಂದೆ ಒಂದು ಹಗ್ಗ — ಎಳೆದರೆ ತಳದ ಬಾಕ್ಸು ಜಾರಿ ಇಡೀ ಗೋಡೆ ನೆಲಕ್ಕೆ. ಮೂರು ಸಲ ಎಳೆದೆ. ಮೂರೂ ಸಲ ಬಿತ್ತು.

ಹಗ್ಗ ಅಂಜಲಿಗೆ ಕೊಟ್ಟೆ. ಎಂಟು ವರ್ಷ, ಎಲ್ಲರಿಗಿಂತ ಜೋರು.

ಬಣ್ಣ ಮಕ್ಕಳದೇ. ಯೆರಿಕೋ ಯಾರು ಕಂಡಿದ್ದಾರೆ? ಹುಟ್ಟಿದಾಗಿನಿಂದ ಕಂಡ ಕಲ್ಲನ್ನೇ ಬರೆದರು. ಬಂಡೆ, ಬತ್ತೇರಿ, ಸೊಟ್ಟ ಬಾಗಿಲು... ಚಿತ್ರದುರ್ಗದ ಕೋಟೆ! ಚೆಂದ. ಇರಲಿ ಬಿಡು ಎಂದುಕೊಂಡೆ.

ಏಪ್ರಿಲ್ 23, ಗುರುವಾರ

ಕಾರ್ಯದರ್ಶಿ, ಪಾಸ್ಟರ್ ಇಬ್ಬರೂ ನೋಡಲು ಬಂದರು. ಏಳು ಸುತ್ತು ಮುಗಿಯಿತು. ಹೋ ಎಂದರು — ಶೆಡ್ಡಿನ ತಗಡು ನಡುಗಿತು. ಗೋಡೆ ನಡುಗಲಿಲ್ಲ. ಅಂಜಲಿ ಹಗ್ಗ ಬಿಟ್ಟು ಮುಂದೆ ಬಂದಳು. ಕೈ ಚಾಚಿ ಗೋಡೆಗೆ ಅಡ್ಡ ನಿಂತಳು.

"ಎಳಿಯೇ!" ಎಂದೆ.

"ಎಳಿಯಲ್ಲ ಅಕ್ಕ. ಇದು ನಮ್ ಕೋಟೆ. ನಾವ್ಯಾಕೆ ಬೀಳ್ಸಾಣ?"

ಉಳಿದ ಹದಿಮೂರೂ ಹೋಗಿ ಅವಳ ಪಕ್ಕ ನಿಂತವು. ತಪ್ಪು ನನ್ನದು. ದುರ್ಗದ ಮಕ್ಕಳ ಕೈಲಿ ದುರ್ಗ ಬರೆಸಿ, ಕೆಡವಿ ಎಂದೆ.

"ನೋಡಿದ್ರಾ? ಫ್ಲೆಕ್ಸ್‌ಗೆ ಹೇಳ್ತೀನಿ," ಎಂದರು ಕಾರ್ಯದರ್ಶಿ.

"ಬಾಯಿ ಬರಲ್ಲ ಅಂದಿದ್ರಿ. ಬಂತಲ್ಲ, ಕೇಳ್ರಿ!" ಎಂದೆ.

ಪಾಸ್ಟರ್ ನಗು ನುಂಗಿಕೊಂಡು, "ಕಮಿಟೀಲಿ ಮಾತಾಡಾಣ" ಎಂದರು.

ಏಪ್ರಿಲ್ 24, ಶುಕ್ರವಾರ

ಮಕ್ಕಳನ್ನೇ ಕೇಳಿದೆ — ಹಂಗಾದ್ರೆ ಯಾವ ಗೋಡೆ ಬೀಳ್ಸಾಣ?

ಅಂಜಲಿ ಯೋಚನೆಯನ್ನೇ ಮಾಡಲಿಲ್ಲ. "ಚರ್ಚ್ ಕಾಂಪೌಂಡ್ ಐತಲ್ಲ ಅಕ್ಕ, ಅದನ್ನ ಬರಿಯಾಣ. ಗೇಟ್ ಸಮೇತ. ಒಂದೇ ಏಟಿಗೆ ಎಳೀತೀನಿ."

ಕೋಟೆ ಬರೆದ ಬಾಕ್ಸು ಮಕ್ಕಳು ಮನೆಗೆ ಒಯ್ದರು. ಹೊಸ ಬಾಕ್ಸು ತಂದೆವು. ಹಳದಿ ಗೋಡೆ, ಹಸಿರು ಗೇಟು. ಎಳೆದಳು. ಬಿತ್ತು.

ಕಮಿಟಿಗೆ ನಾನೊಬ್ಬಳೇ ಬರಬೇಕಂತೆ. ಹದಿನಾಲ್ಕು ಮಕ್ಕಳೂ ಬರುತ್ತವೆ. ಗೋಡೆಯೂ ಬರುತ್ತದೆ. ನಾಳೆ ಶನಿವಾರ, ಬೆಳಿಗ್ಗೆ ಹತ್ತು ಗಂಟೆ —